ಇಪ್ಪತ್ತೇಳನೇ ನಂಬರಿನ ವಾಲಿದ ನೆಲ

ಎಲ್ಡನ್ ಪರ್ವಿಸ್‌ನಂಥ ಎಡವಟ್ಟು ಮನುಷ್ಯನನ್ನು ನನ್ನ ಮೂವತ್ತೊಂದು ವರ್ಷದ ಕಸುಬಿನಲ್ಲಿ ನಾನು ಕಂಡಿಲ್ಲ. ಕಸುಬು ಅಂದರೆ ಟ್ರೇಲರ್ ರಿಪೇರಿ, ಗಾಲಿಯ ಮೇಲಿನ ಮನೆಗಳದ್ದು. ಯೂಮಾ ಊರಿನಿಂದ ಆಚೆ, ಮರುಭೂಮಿಯ ಅಂಚಿನಲ್ಲಿ, ಟ್ರೇಲರ್ ನಿಲ್ಲಿಸಲು ಜಲ್ಲಿ ಹಾಸಿದ ಅರವತ್ತು ಜಾಗಗಳ ಪಾರ್ಕು ನಮ್ಮದು. ನವೆಂಬರ್ ಬಂತೆಂದರೆ ಉತ್ತರದ ಹಿಮಕ್ಕೆ ಹೆದರಿದ ಮುದುಕ ಮುದುಕಿಯರೆಲ್ಲ ಟ್ರಕ್ಕಿನ ಹಿಂದೆ ತಮ್ಮ ತಗಡಿನ ಮನೆ ಕಟ್ಟಿಕೊಂಡು ಇಲ್ಲಿಗೆ ಎಳೆದು ತರುತ್ತಾರೆ. ಏಪ್ರಿಲ್‌ನಲ್ಲಿ ಬಿಸಿಲು ಚುರುಗುಟ್ಟತೊಡಗಿದರೆ ವಾಪಸು. ನಡುವಿನ ಐದು ತಿಂಗಳು ಅವರ ನಲ್ಲಿ, ಒಲೆ, ಕಕ್ಕಸು, ಫ್ರಿಜ್ಜು ಎಲ್ಲ ನನ್ನ ತಲೆಯ ಮೇಲೆ. ನನ್ನ ಹೆಸರು ಥರ್ಮನ್ ಗಾಸ್. ಮಾಡಿದ ಪ್ರತಿ ಕೆಲಸದ ಪಕ್ಕದಲ್ಲೂ ಕಪ್ಪು ಮಸಿಯಲ್ಲಿ ಟಿ.ಜಿ. ಎಂದು ಬರೆದು ತಾರೀಖು ಹಾಕುವುದು ನನ್ನ ಪದ್ಧತಿ. ಕೆಲಸ ಗೊತ್ತಿದ್ದವನು ಹೆಸರು ಹಾಕಲು ಹೆದರಬಾರದು.

ಈ ಟ್ರೇಲರ್ ಜನರ ಬಗ್ಗೆ ನನಗೆ ಅಂಥ ಗೌರವವೇನೂ ಇಲ್ಲ. ಇವರಲ್ಲೊಂದು ಚಾಳಿಯಿದೆ. ಯಾರಾದರೂ ತಮ್ಮ ಟ್ರೇಲರಿನ ಒಂದು ಮುಚ್ಚಳ ತೆರೆದರೆ ಸಾಕು, ಅಕ್ಕಪಕ್ಕದ ಆರು ಗಂಡಸರು ಮಡಿಸುವ ಕುರ್ಚಿ ಹಿಡಿದು ಬಂದು ಸುತ್ತ ಕೂತುಬಿಡುತ್ತಾರೆ. ಕೈಯಲ್ಲಿ ಬಿಯರ್, ಬಾಯಲ್ಲಿ ಸಲಹೆ. ಒಬ್ಬ ಪಂಪು ಹೋಗಿದೆ ಅನ್ನುತ್ತಾನೆ, ಇನ್ನೊಬ್ಬ ಫ್ಯೂಸ್ ಅನ್ನುತ್ತಾನೆ. ಬದುಕಿಡೀ ವಿಮೆ ಮಾರಿದವನು ಗ್ಯಾಸ್ ಪೈಪಿನ ಬಗ್ಗೆ ಭಾಷಣ ಬಿಗಿಯುತ್ತಾನೆ. ಎಲ್ಲ ಮುಗಿದ ಮೇಲೆ, ಇದ್ದದ್ದೂ ಕೆಟ್ಟ ಮೇಲೆ, ನನ್ನನ್ನು ಕರೆಯುತ್ತಾರೆ.

ಅಂಥವರಲ್ಲೇ ಎಲ್ಡನ್ ಮೊದಲ ಸಾಲಿನವನು. ಇಪ್ಪತ್ತೇಳನೇ ನಂಬರಿನ ಜಾಗ ಅವನದು. ಬಂದ ಮೊದಲ ಚಳಿಗಾಲವೇ ಕಕ್ಕಸಿನ ಟ್ಯಾಂಕಿನ ವಾಲ್ವನ್ನು ಹಗಲೂ ರಾತ್ರಿ ತೆರೆದಿಟ್ಟ. "ಹರ್ದು ಹೋಗ್ಲಿ ಬಿಡು, ಕೂಡಿಹಾಕ್ಕೊಂಡು ಏನ್ಮಾಡೋದು" ಎನ್ನುವುದು ಅವನ ವಾದ. ನೀರೇನೋ ಹರಿದು ಹೋಯಿತು. ನೀರಿನ ಜೊತೆ ಹೋಗಬೇಕಾದದ್ದು ಒಳಗೇ ಗೋಪುರ ಕಟ್ಟಿ, ಒಣಗಿ, ಕಲ್ಲಾಯಿತು. ಟ್ಯಾಂಕು ತುಂಬಿದ ಮೇಲೆ ವಾಲ್ವ್ ತೆರೆಯಬೇಕು ಎಂಬಷ್ಟು ಸಣ್ಣ ವಿಷಯ ತಲೆಗೆ ಹೋಗದವನ ಗೋಪುರವನ್ನು ಒಡೆದವನು ನಾನು. ಆ ವಾಸನೆ ಈಗಲೂ ಮೂಗಿನಲ್ಲಿದೆ.

ಅದಾದ ಮೇಲೆ ಐಸಿನ ಹುಚ್ಚು ಹಿಡಿಯಿತು. ಟ್ಯಾಂಕಿಗೆ ಎರಡು ಚೀಲ ಐಸ್ ಸುರಿದು, ಟ್ರೇಲರನ್ನು ಎಳೆದುಕೊಂಡು ನಾಲ್ಕು ಸುತ್ತು ಬಂದರೆ ಐಸು ಒಳಗೆಲ್ಲ ಉಜ್ಜಿ ತೊಳೆಯುತ್ತದೆ ಎಂದು ಯಾರೋ ಹೇಳಿದ್ದರಂತೆ. ಇವನು ಸುಮ್ಮನೆ ತನ್ನ ಪಾಡಿಗೆ ಮಾಡಿಕೊಂಡಿದ್ದರೆ ಒಂದು ಮಾತು. ತನ್ನ ಸಾಲಿನ ಟ್ರೇಲರಿನವರನ್ನೆಲ್ಲ ಒಪ್ಪಿಸಿದ. ಒಂದು ಮಂಗಳವಾರ ಪೆಟ್ರೋಲ್ ಬಂಕಿನಲ್ಲಿ ಮಾರುವ ಐಸೆಲ್ಲ ಖಾಲಿ. ಏಳು ಟ್ರೇಲರುಗಳು ಒಂದರ ಹಿಂದೊಂದು ಪಾರ್ಕನ್ನು ಸುತ್ತುತ್ತಿವೆ, ಮುಂದೆ ಎಲ್ಡನ್. ಕೊನೆಗೆ ಏಳು ಜನರಿಗೂ ಸಿಕ್ಕಿದ್ದು ತಣ್ಣಗಿನ ಕಕ್ಕಸು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಚಾವಣಿಯ ಕಥೆ ಬೇರೆ. ರಬ್ಬರಿನ ಚಾವಣಿಗೆ ಸಿಲಿಕಾನ್ ಅಂಟು ಕಚ್ಚುವುದಿಲ್ಲ, ಒಮ್ಮೆ ಬಳಿದರೆ ಅದರ ಮೇಲೆ ಬೇರೆ ಯಾವ ಅಂಟೂ ಕೂರುವುದಿಲ್ಲ. ಇವನು ಕೇಕಿಗೆ ಕ್ರೀಮು ಬಳಿದ ಹಾಗೆ ಬಳಿದಿದ್ದ. ಅದನ್ನು ಕೆರೆದು ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಇವನು ಕೆಳಗೆ ನಿಂತು, "ಥರ್ಮನ್, ಆ ಮೂಲೇಲಿ ಚೆನ್ನಾಗ್ ಕಚ್ಕೊಂಡಿತ್ತಲ್ವಾ?" ಎಂದು ಕೇಳುತ್ತಿದ್ದ. ನಾಚಿಕೆ ಎಂಬ ಪದಾರ್ಥ ಅವನ ಹತ್ತಿರ ಸುಳಿದಿರಲಿಲ್ಲ.

ನೆಬ್ರಾಸ್ಕಾದ ಒಂದು ಧಾನ್ಯದ ಗೋದಾಮಿನಲ್ಲಿ ಮೂವತ್ತಾರು ವರ್ಷ ಲಾರಿ ತೂಗಿದ್ದು ಅವನ ಬದುಕು. ಲಾರಿ ಬಂದು ನಿಲ್ಲಬೇಕು, ಮುಳ್ಳು ನಿಲ್ಲಬೇಕು, ಇವನು ಬರೆದುಕೊಳ್ಳಬೇಕು. ರೈತ ಬೈದರೂ, ಯಜಮಾನ ಬೈದರೂ, ಮುಳ್ಳು ಹೇಳಿದ್ದೇ ಹೇಳಿದ್ದು. ಅದನ್ನೇ ದೊಡ್ಡ ಸಾಧನೆಯ ಹಾಗೆ ಸಾವಿರ ಸಲ ಹೇಳಿದ್ದಾನೆ. ಗಂಡ ಹೆಂಡತಿ ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದವರು. ನಿವೃತ್ತಿಯಾದ ಮೇಲೆ ಯಾರದೋ ಹಳೇ ಟ್ರೇಲರ್ ಕೊಂಡರು. ತನ್ನದು ಅಂತ ಅವನಿಗಿದ್ದದ್ದು ಅದೊಂದೇ. ಅದರ ತಗಡನ್ನು ವಾರಕ್ಕೆರಡು ಸಲ ಒರೆಸುತ್ತಿದ್ದ, ಒರೆಸುವಾಗ ಸೀಟಿ ಹಾಕುತ್ತಿದ್ದ. ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಹೆಂಡತಿ ಆರ್ಡಿತ್ ಶಾಲೆಯೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವರು. ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಆ ಸೀಸೆಗಳು ಫ್ರಿಜ್ಜಿನಲ್ಲಿ ತಣ್ಣಗಿರಬೇಕು. ಹಾಗಾಗಿ ಆ ಮನೆಯಲ್ಲಿ ಏನು ಕೆಟ್ಟರೂ ನಡೆಯುತ್ತಿತ್ತು, ಫ್ರಿಜ್ ಕೆಡುವಂತಿರಲಿಲ್ಲ.

ಮೊದಲ ದಿನ ಅವರು ಬಂದಿಳಿದದ್ದು ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನ ಎರಡಕ್ಕೆ ಬಂದವನು ನಾಲ್ಕಾದರೂ ಟ್ರೇಲರ್ ನಿಲ್ಲಿಸಿ ಮುಗಿಸಿರಲಿಲ್ಲ. ಎದೆಯುದ್ದದ ಮರದ ರಸಮಟ್ಟವೊಂದನ್ನು ಒಳಗೆ ನೆಲದ ಮೇಲಿಟ್ಟು ಗುಳ್ಳೆ ನೋಡುವುದು, ಹೊರಗೆ ಬಂದು ಗಾಲಿಯ ಕೆಳಗೆ ಹಲಗೆ ಹಾಕುವುದು, ಮತ್ತೆ ಒಳಗೆ ಓಡುವುದು. ಕುರ್ಚಿಯ ಗುಂಪು ಆಗಲೇ ಸೇರಿತ್ತು.

"ಏನಯ್ಯಾ, ಟ್ರೇಲರ್ ನಿಲ್ಲಿಸ್ತಿದ್ದೀಯೋ, ಬಂಗ್ಲೆ ಕಟ್ತಿದ್ದೀಯೋ?" ಎಂದೆ ನಾನು.

"ಮಟ್ಟ ನೋಡ್ತಿದ್ದೀನಿ ಕಣಯ್ಯಾ. ವಾಲಿದ್ರೆ ಫ್ರಿಜ್ ಹಾಳಾಗುತ್ತಂತೆ. ಪುಸ್ತಕದಲ್ಲಿ ಬರ್ದಿದೆ."

ಅದು ನಿಜವೇ. ಟ್ರೇಲರಿನ ಈ ಫ್ರಿಜ್ಜುಗಳು ಮನೆಯ ಫ್ರಿಜ್ಜಿನಂತಲ್ಲ, ಗ್ಯಾಸಿನ ಸಣ್ಣ ಉರಿಯಿಂದ ತಣ್ಣಗಾಗುವಂಥವು. ಒಳಗಿನ ದ್ರವ ಕೊಳವೆಗಳಲ್ಲಿ ತಾನಾಗಿಯೇ ಇಳಿದು ಬರಬೇಕು. ಟ್ರೇಲರ್ ವಾಲಿ ನಿಂತರೆ ಅದು ಒಂದು ಮೂಲೆಯಲ್ಲಿ ನಿಂತು ಬಿಸಿಯೇರುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ, ಮೆಲ್ಲಗೆ ಫ್ರಿಜ್ ಸಾಯುತ್ತದೆ. ಆದರೆ ಅದಕ್ಕೆ ಎರಡು ಗಂಟೆ ಬೇಕೇ? ಅಂದು ಗುರುವಾರ, ಪಾರ್ಕಿನ ಸಭಾಂಗಣದಲ್ಲಿ ಎಲ್ಲರೂ ಸೇರಿ ಚಿಲ್ಲಿ ಎಂಬ ಮಾಂಸ, ಬೀನ್ಸಿನ ಖಾರದ ಸಾರು ಉಣ್ಣುವ ದಿನ. ತಡವಾಗಿ ಹೋದವರಿಗೆ ಪಾತ್ರೆಯ ತಳ ಕೆರೆಯುವುದೇ ಗತಿ.

"ಆ ಕೋಲನ್ನ ಒಲೆಗೆ ಹಾಕು. ನಿಂಗೊಂದು ಉಪಾಯ ಮಾಡ್ಕೊಡ್ತೀನಿ" ಎಂದು ನನ್ನ ಪೆಟ್ಟಿಗೆಯಿಂದ ಅಂಟಿಸುವ ಪುಟ್ಟ ರಸಮಟ್ಟ ತೆಗೆದೆ. ಹೆಬ್ಬೆರಳಿನಷ್ಟು ಉದ್ದ. ಟ್ರೇಲರಿನ ಮೂತಿಗೆ ಒಮ್ಮೆ ಅಂಟಿಸಿಬಿಟ್ಟರೆ ಆಮೇಲೆ ಎಲ್ಲಿ ನಿಲ್ಲಿಸಿದರೂ ಹೊರಗಿನಿಂದಲೇ ಗುಳ್ಳೆ ನೋಡಿ ಹಲಗೆ ಹಾಕಿದರಾಯಿತು.

"ಇನ್ನೂ ಮುಗ್ದಿಲ್ಲ ಥರ್ಮನ್, ಎಡಗಡೆ ಇನ್ನೂ..." ಎಂದು ಅವನು ಏನೋ ಶುರುಮಾಡಿದ.

"ಆಯ್ತಾಯ್ತು, ಗೊತ್ತು ಬಿಡು" ಎಂದು ಗುಳ್ಳೆ ಸರಿಯಾಗಿ ನಡುವೆ ನಿಲ್ಲುವಂತೆ ಹಿಡಿದು ಅಂಟಿಸಿದೆ. ಪಕ್ಕದಲ್ಲಿ ಟಿ.ಜಿ., ತಾರೀಖು. "ಇನ್ಮೇಲೆ ಇದನ್ನ ನೋಡ್ಕೊಂಡು ನಿಲ್ಸು. ಇದು ನಡುವೆ ಇದ್ರೆ ಮುಗೀತು. ಬೇರೇನೂ ತಲೆಗೆ ಹಚ್ಕೋಬೇಡ."

ಆರ್ಡಿತ್ ನನಗೊಂದು ಲೋಟ ಕಾಫಿ ಕೊಟ್ಟರು. ಐದು ನಿಮಿಷದ ಕೆಲಸ. ಚಿಲ್ಲಿ ಇನ್ನೂ ಬಿಸಿಯಿತ್ತು.

ಮರುವರ್ಷದಿಂದ ಎಲ್ಡನ್‌ನ ಹೊಸ ಪುರಾಣ ಶುರುವಾಯಿತು. ಬಾಣಲೆಗೆ ಒಡೆದ ಮೊಟ್ಟೆ ಎಡಕ್ಕೆ ಓಡುತ್ತದಂತೆ. ತಟ್ಟೆಯ ಬಟಾಣಿ ಎಡಕ್ಕೆ ಉರುಳುತ್ತದಂತೆ. ಸ್ನಾನದ ನೀರು ಮೂಲೆ ಹಿಡಿದು ನಿಲ್ಲುತ್ತದಂತೆ. ಆ ಹಳೇ ಮರದ ರಸಮಟ್ಟವನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದ.

"ಇದು ಎಡಗಡೆ ತಗ್ಗು ಅಂತಿದೆ. ನಿನ್ ಗುಳ್ಳೆ ನಡುವೇನೇ ಇದೆ. ಯಾವ್ದನ್ನ ನಂಬ್ಲಿ?"

"ಅದು ನಿಮ್ಮಜ್ಜನ ಕಾಲದ ಮರ ಕಣೋ. ಇಲ್ಲಿನ ಬಿಸಿಲಿಗೆ ಸೊಟ್ಟಗಾಗಿದೆ. ಮೂವತ್ತಾರು ವರ್ಷ ತಕ್ಕಡಿ ಕಾದೋನು ನೀನು, ಕೆಟ್ಟ ತಕ್ಕಡಿ ಯಾವ್ದು ಅಂತ ಗೊತ್ತಾಗಲ್ವಾ?"

ಅವನು ಸ್ವಲ್ಪ ಹೊತ್ತು ಆ ಮರವನ್ನು ಸವರುತ್ತ ನಿಂತ. "ಹಂಗಂತೀಯಾ" ಎಂದು ಹೊರಟುಹೋದ. ಅದನ್ನು ಆಮೇಲೆ ಯಾರೂ ಹೊರಗೆ ಕಾಣಲಿಲ್ಲ.

ಆದರೆ ಬಟಾಣಿ ಉರುಳುವುದು ನಿಲ್ಲಲಿಲ್ಲವಲ್ಲ. ಗುಳ್ಳೆ ಸುಳ್ಳು ಹೇಳುವುದಿಲ್ಲ, ಬಟಾಣಿಯೂ ಸುಳ್ಳು ಹೇಳುವುದಿಲ್ಲ, ಹಾಗಾದರೆ ತಪ್ಪು ನೆಲದ್ದೇ ಇರಬೇಕು ಎಂದು ಆ ಮಹಾಶಯ ತೀರ್ಮಾನಿಸಿದ. ಇಪ್ಪತ್ತೇಳನೇ ನಂಬರಿನ ಕೆಳಗೆ ಎಲ್ಲೋ ಟೊಳ್ಳಿದೆ, ಅಲ್ಲಿ ಭೂಮಿ ಒಂದು ಪಕ್ಕಕ್ಕೆ ಎಳೆಯುತ್ತದೆ ಎಂದು ಸಂಜೆಯ ಕುರ್ಚಿ ಗುಂಪಿನಲ್ಲಿ ಗಂಭೀರವಾಗಿ ಹೇಳಿದ. ಬೇರೆ ಜಾಗಕ್ಕೆ ಹೋಗು ಎಂದರೆ ಅದಕ್ಕೂ ಹೋದ. ಒಂದು ಚಳಿಗಾಲ ನಲವತ್ತರಲ್ಲಿದ್ದ. ಅಲ್ಲೂ ಅದೇ ಮೊಟ್ಟೆ, ಅದೇ ಎಡ. ಹಾಗಾದರೆ ಇಡೀ ಪಾರ್ಕೇ ಹಾಗೆ ಎಂದು ವಾಪಸು ಬಂದ. ರೆಕ್ಸ್ ಟೂಮಿ ಎಂಬ ವಿಮೆಯವನೊಬ್ಬನಿದ್ದಾನೆ ನಮ್ಮಲ್ಲಿ, ಮಾತಿನ ಮಲ್ಲ. ಎಲ್ಡನ್ ಬಂದು ಕೂತಾಗಲೆಲ್ಲ ಅವನು ತನ್ನ ಬಿಯರ್ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, "ಹಿಡ್ಕೊಳ್ರಪ್ಪಾ, ಭೂಮಿ ಎಳೀತಿದೆ" ಅನ್ನುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

ಮೂರನೇ ಚಳಿಗಾಲಕ್ಕೆ ಫ್ರಿಜ್ ಸತ್ತಿತು. ಹಳೇ ಫ್ರಿಜ್, ಸಾಯಬೇಕಾದದ್ದೇ. ಹೊಸದನ್ನು ಕೂರಿಸಿದವನು ನಾನು. ಕೂರಿಸುವ ಮೊದಲು ಟ್ರೇಲರ್ ಮಟ್ಟಸವಾಗಿದೆಯೇ ನೋಡಿ ಎಂದು ಅದರ ಕಾಗದದಲ್ಲಿ ಮೊದಲ ಸಾಲಿನಲ್ಲೇ ಇತ್ತು. ಹೊರಗೆ ಹೋಗಿ ಮೂತಿಯ ಗುಳ್ಳೆ ನೋಡಿದೆ. ಸರಿಯಾಗಿ ನಡುವೆ ಇತ್ತು. ಎಲ್ಡನ್ ಒಂದು ಕೂದಲೆಳೆಯಷ್ಟೂ ಆಚೀಚೆ ಬಿಟ್ಟಿರಲಿಲ್ಲ.

ಐದನೇ ಚಳಿಗಾಲ ಆರ್ಡಿತ್ ಆಸ್ಪತ್ರೆ ಸೇರಿದರು. ಹೊಸ ಫ್ರಿಜ್ಜು ಒಳಗೊಳಗೇ ಬೆಚ್ಚಗಾಗುತ್ತಿತ್ತು, ಇನ್ಸುಲಿನ್ ಕೆಟ್ಟಿತ್ತು, ಕೆಟ್ಟದ್ದನ್ನೇ ವಾರಗಟ್ಟಲೆ ಚುಚ್ಚಿಕೊಂಡಿದ್ದರು. ಐದು ದಿನ ಮಲಗಿದ್ದು ಎದ್ದು ಬಂದರು. ಫ್ರಿಜ್ಜನ್ನು ಹೇಗೋ ಮತ್ತೆ ತಣ್ಣಗಾಗುವಂತೆ ಮಾಡಿಕೊಟ್ಟೆ. ಒಳಗೆ ನಡೆಯುವಾಗ ಗೋಡೆ ಹಿಡಿಯಲೇಬೇಕು, ತಲೆ ಒಂದೇ ಕಡೆ ತಿರುಗಿದಂತಾಗುತ್ತದೆ, ಹೊರಗೆ ಜಲ್ಲಿಯ ಮೇಲೆ ನಿಂತರೆ ಸರಿಹೋಗುತ್ತದೆ ಎಂದು ನನ್ನ ಮುಂದೆಯೇ ಒಮ್ಮೆ ಹೇಳಿದ್ದರು. ವಯಸ್ಸಾಯಿತು, ಸಕ್ಕರೆ ಬೇರೆ ಎಂದೆ.

ಆಗ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ಮುಂದಿನ ಚಳಿಗಾಲ ಇನ್ನೊಂದು ಸಲ ಫ್ರಿಜ್ ಕೈಕೊಟ್ಟರೆ ಟ್ರೇಲರ್ ಮಾರುವುದು, ಓಮಾಹಾದಲ್ಲಿ ಆರ್ಡಿತ್‌ರ ತಂಗಿಯ ಫ್ಲ್ಯಾಟಿಗೆ ಹೋಗಿ ಒಂದು ಕೋಣೆಯಲ್ಲಿ ಇದ್ದುಬಿಡುವುದು. ಆರನೇ ಚಳಿಗಾಲ ಎಲ್ಡನ್ ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ಎರಡು ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳುತ್ತಿದ್ದ. ಫ್ರಿಜ್ಜಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಅದಕ್ಕೆ ಏನೋ ಹೇಳುತ್ತಿದ್ದ. "ಹೆಂಡ್ತಿಗಿಂತ ಫ್ರಿಜ್ ಹತ್ರಾನೇ ಜಾಸ್ತಿ ಮಾತಾಡ್ತಾನೆ" ಎಂದ ರೆಕ್ಸ್. ಫೆಬ್ರುವರಿಯ ಮೊದಲ ವಾರ ಅಂಕಿ ಏರತೊಡಗಿತು. ಟ್ರೇಲರಿಗೆ ಗಿರಾಕಿ ಸಿಕ್ಕ. ಥರ್ಮನ್ ಗಾಸ್ ನೋಡಿ ಸಹಿ ಮಾಡಿಕೊಟ್ಟರೆ ಶನಿವಾರ ಹನ್ನೆರಡು ಗಂಟೆಗೆ ಬಂದು ಎಳೆದುಕೊಂಡು ಹೋಗುತ್ತೇನೆ ಎಂದನಂತೆ.

ಶನಿವಾರ ಹತ್ತು ಗಂಟೆಗೆ ಹೋದೆ. ಎಲ್ಡನ್ ಕೊನೆಯ ಸಲ ಎಂದು ಕುರ್ಚಿ ಗುಂಪಿನಲ್ಲಿ ಕಾಫಿ ಕುಡಿಯಲು ಹೋಗಿದ್ದ. ಆರ್ಡಿತ್ ಡಬ್ಬಗಳಿಗೆ ಪಾತ್ರೆ ತುಂಬುತ್ತಿದ್ದರು. ಮಂಚದ ಕೆಳಗಿನಿಂದ ಕಂಬಳಿಯಲ್ಲಿ ಸುತ್ತಿದ್ದ ಉದ್ದನೆಯ ಗಂಟೊಂದನ್ನು ಎಳೆದರು.

"ಇದು ನಿಮಗೆ ಬೇಕಾ ನೋಡಿ ಥರ್ಮನ್. ಅವರ ಅಪ್ಪಂದು. ಸೊಟ್ಟಗಾಗಿದೆ ಅಂತ ನೀವೇ ಹೇಳಿದ್ರಂತೆ. ಬಿಸಾಕೋಕೂ ಬಿಡಲಿಲ್ಲ, ಬಳಸ್ಲೂ ಇಲ್ಲ."

ಅದೇ ಮರದ ರಸಮಟ್ಟ. ಎಷ್ಟು ಸೊಟ್ಟಗಾಗಿದೆ ಎಂದು ಆಕೆಗೆ ತೋರಿಸೋಣವೆಂದೇ ಅಡುಗೆ ಕಟ್ಟೆಯ ಮೇಲಿಟ್ಟೆ. ಗುಳ್ಳೆ ಬಲಕ್ಕೆ ಓಡಿತು, ಎಡಗಡೆ ತಗ್ಗು. ರಸಮಟ್ಟ ಕೆಟ್ಟಿದೆಯೇ ಎಂದು ತಿಳಿಯಲು ಒಂದೇ ಉಪಾಯ, ಅದನ್ನು ತಿರುಗಿಸಿ ತುದಿ ಬದಲಾಯಿಸಿ ಅದೇ ಜಾಗದಲ್ಲಿಡುವುದು. ಕೆಟ್ಟಿದ್ದರೆ ಬೇರೆ ಕಡೆ ತೋರಿಸುತ್ತದೆ. ತಿರುಗಿಸಿಟ್ಟೆ. ಮತ್ತೆ ಎಡಗಡೆಯೇ ತಗ್ಗು. ನೆಲದ ಮೇಲಿಟ್ಟೆ. ಫ್ರಿಜ್ಜಿನೊಳಗಿಟ್ಟೆ. ಎಲ್ಲಿಟ್ಟರೂ, ಹೇಗಿಟ್ಟರೂ ಅದು ಒಂದೇ ಮಾತು ಹೇಳಿತು. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಅದನ್ನು ಮತ್ತೆ ಆಕೆಯ ಕಂಬಳಿಯ ಮೇಲೇ ಇಟ್ಟು, ಹೊರಗೆ ಹೋಗಿ ಮೂತಿ ನೋಡಿದೆ. ಗುಳ್ಳೆ ನಡುವೆ ಇತ್ತು. ಪಕ್ಕದಲ್ಲಿ ಟಿ.ಜಿ., ಮೊದಲ ಚಳಿಗಾಲದ ಆ ಗುರುವಾರದ ತಾರೀಖು. ಮಸಿ ಮಾಸಿರಲೂ ಇಲ್ಲ. 'ಎಡಗಡೆ ಇನ್ನೂ...' ಎಂದಿದ್ದ ಅವನು. ಎಡಗಡೆ ಇನ್ನೂ ಎರಡು ಹಲಗೆ ಹಾಕಬೇಕು ಅಂತಿದ್ದನೇನೋ. ಟ್ರೇಲರನ್ನು ಮೊದಲು ಮಟ್ಟ ಮಾಡಿ ಆಮೇಲೆ ಅಂಟಿಸಬೇಕು. ವಾಲಿದ್ದಾಗಲೇ ಗುಳ್ಳೆಯನ್ನು ನಡುವಿಗೆ ಹಿಡಿದು ಅಂಟಿಸಿಬಿಟ್ಟರೆ ಅಲ್ಲಿಂದ ಮುಂದೆ ಅದು ವಾಲಿದ್ದನ್ನೇ ಸರಿ ಅನ್ನುತ್ತದೆ. ಇದು ಕಸುಬಿಗೆ ಬಂದ ಮೊದಲ ವಾರ ಕಲಿಯುವ ಪಾಠ. ಆ ಹುಚ್ಚ ಮರುವರ್ಷದಿಂದ ಪ್ರತಿ ನವೆಂಬರ್‌ನಲ್ಲಿ, ಮಂಡಿಯೂರಿ ಕೂತು, ನನ್ನ ತಪ್ಪಿಗೆ ಸರಿಯಾಗಿ ತನ್ನ ಮನೆಯನ್ನು ಕೂದಲೆಳೆಯಷ್ಟೂ ಬಿಡದೆ ವಾಲಿಸಿ ನಿಲ್ಲಿಸಿದ್ದ.

ಆರ್ಡಿತ್ ಬಾಗಿಲಿಗೆ ಬಂದು ನಿಂತಿದ್ದರು. ಒಂದು ಕೈ ಚೌಕಟ್ಟು ಹಿಡಿದಿತ್ತು.

"ಸರಿ ಹೋಗುತ್ತಾ ಥರ್ಮನ್? ಹೌದು ಅಂದ್ರೆ ಈಗ್ಲೇ ಫೋನ್ ಮಾಡಿ, ಮಾರಲ್ಲಪ್ಪಾ ಅಂತ ಹೇಳ್ಬಿಡ್ತೀನಿ. ನನಗೆ ತಂಗಿ ಮನೇಲಿ ಇದ್ರೂ ನಡೆಯುತ್ತೆ. ಅವರಿಗೆ ಇದು ಬಿಟ್ರೆ ಬೇರೇನೂ ಇಲ್ಲ."

ಎರಡು ಹಲಗೆ. ಒಂದು ಹೊಸ ಫ್ರಿಜ್, ಅದನ್ನು ನಾನೇ ತಂದು ಕೂರಿಸಬೇಕಾಗಿತ್ತು. ಅಷ್ಟೇ. ಒಂದು ಗಂಟೆ ಐವತ್ತು ನಿಮಿಷ ಸಮಯವೂ ಇತ್ತು.

"ಎಲ್ಡನ್ ಹತ್ರ ಮಾತಾಡ್ಕೊಂಡು ಬರ್ತೀನಿ" ಎಂದೆ. ಆಕೆ ಒಳಗೆ ಹೋದ ಮೇಲೆ ಚಾಕು ತೆಗೆದು ಆ ಗುಳ್ಳೆಯನ್ನು ಕೆರೆದು ಜೇಬಿಗೆ ಹಾಕಿಕೊಂಡೆ. ಟಿ.ಜಿ.ಯನ್ನು ಎಂಜಲು ಹಚ್ಚಿ ಉಜ್ಜಿದೆ. ಎಲ್ಡನ್‌ಗೆ ತೋರಿಸಲಿಕ್ಕೆ ತೆಗೆದುಕೊಂಡೆ ಎಂದು ನನಗೆ ನಾನೇ ಹೇಳಿಕೊಂಡೆ.

ಗುಂಪಿನಲ್ಲಿ ಎಂಟು ಜನರಿದ್ದರು. ನನ್ನನ್ನು ಕಂಡಕೂಡಲೇ ರೆಕ್ಸ್ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದ.

"ಬಂದ್ರು ನೋಡ್ರಪ್ಪಾ ನಮ್ಮ ಡಾಕ್ಟ್ರು. ಏನಂತೆ, ಭೂಮಿ ಇನ್ನೂ ಎಳೀತಿದ್ಯಂತಾ?"

ಎಲ್ಲರೂ ನಕ್ಕರು. ಎಲ್ಡನ್ ನಗಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದ.

"ನೋಡಿದ್ಯಾ?"

"ನೋಡ್ದೆ."

"ನಾನೇ ಏನಾದ್ರೂ ಹಾಳ್ಮಾಡಿದ್ನಾ? ನಿಜ ಹೇಳ್ಬಿಡು. ಅವಳು ಐದು ದಿನ ಆಸ್ಪತ್ರೇಲಿದ್ಲು. ನನ್ ಕೈಯಿಂದ ಆದ ತಪ್ಪಾ ಅಂತ ಒಂದು ವರ್ಷದಿಂದ ನಿದ್ದೆ ಮಾಡಿಲ್ಲ."

ಎಂಟು ಮುಖಗಳು ನನ್ನ ಕಡೆ ತಿರುಗಿದ್ದವು. ಜೇಬಿನಲ್ಲಿ ಆ ಹೆಬ್ಬೆರಳುದ್ದದ ವಸ್ತು ಕೈಗೆ ತಗಲುತ್ತಿತ್ತು. ಅದನ್ನು ಹೊರಗೆ ತೆಗೆದಿದ್ದರೆ ಮುಗಿಯುತ್ತಿತ್ತು. ನಾಳೆಯಿಂದ ರೆಕ್ಸ್ ಲೋಟ ಹಿಡಿಯುವುದು ನನ್ನನ್ನು ಕಂಡಾಗ, ಅಷ್ಟೇ.

"ನಿನ್ ತಪ್ಪಲ್ಲ" ಎಂದೆ. "ನೀನ್ ಹೇಳಿದ್ದೇ ಸರಿ ಮಾರಾಯ. ನೆಲ ವಾಲಿದೆ."

ರೆಕ್ಸ್ ಲೋಟ ಕೆಳಗಿಟ್ಟ. ಎಲ್ಡನ್ ಎದ್ದು ನಿಂತ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಲುಕಿದ. "ಕೇಳಿಸ್ಕೊಂಡ್ರಾ?" ಎಂದು ಒಬ್ಬೊಬ್ಬರನ್ನೂ ಕೇಳಿದ. "ಥರ್ಮನ್ನೇ ಹೇಳ್ತಿದ್ದಾನೆ. ಕೇಳಿಸ್ಕೊಂಡ್ರಾ?" ನಂತರ ಆರ್ಡಿತ್‌ಗೆ ಹೇಳಲು ಓಡಿದ. ನೆಲವೇ ಸರಿಯಿಲ್ಲದ ಮೇಲೆ ಯಾವ ಫ್ರಿಜ್ಜೂ ಉಳಿಯುವುದಿಲ್ಲವಲ್ಲ, ಗಿರಾಕಿಗೆ ಫೋನು ಮಾಡುವ ಮಾತೇ ಬರಲಿಲ್ಲ. ಹನ್ನೆರಡಕ್ಕೆ ಗಿರಾಕಿ ಬಂದ. ನಾನು ಸಹಿ ಮಾಡಿದೆ. ಫ್ರಿಜ್ ಬದಲಾಯಿಸಿ, ನಿಲ್ಲಿಸುವಾಗ ಒಳಗಿನ ನೆಲದ ಮೇಲೆ ರಸಮಟ್ಟವಿಟ್ಟು ನೋಡಿ ಎಂದು ಅವನಿಗೆ ಮಾತ್ರ ಕಿವಿಯಲ್ಲಿ ಹೇಳಿದೆ. ಅಪರಿಚಿತನಿಗೆ ಹೇಳಲು ನನ್ನ ನಾಲಿಗೆ ಚೆನ್ನಾಗಿಯೇ ಹೊರಳಿತು.

ಮಾರ್ಚಿನಲ್ಲಿ ಇಪ್ಪತ್ತೇಳಕ್ಕೆ ಬೇರೆಯವರು ಬಂದರು. ಅವರ ಮೊಟ್ಟೆ ಬಾಣಲೆಯ ನಡುವೆಯೇ ನಿಲ್ಲುತ್ತದೆ. ಭೂಮಿ ಯಾಕೋ ಈಗ ಎಳೆಯುತ್ತಿಲ್ಲ ಎಂದು ರೆಕ್ಸ್ ನನ್ನ ಮುಖ ನೋಡುತ್ತ ಹೇಳಿದ. ನಾನು ಕೇಳಿಸದವನಂತೆ ಎದ್ದು ಹೋದೆ.

ಮೊನ್ನೆ ಓಮಾಹಾದಿಂದ ಕಾರ್ಡು ಬಂತು. ಲಾರಿಯ ತೂಕ ಬರೆದು ಬರೆದು ಪಳಗಿದ ದುಂಡು ಅಕ್ಷರ. ಆರ್ಡಿತ್ ಈಗ ಗೋಡೆ ಹಿಡಿಯದೆ ನಡೆಯುತ್ತಾಳೆ, ಸಕ್ಕರೆ ಹತೋಟಿಯಲ್ಲಿದೆ ಎಂದು ಬರೆದಿದ್ದ. ಕಿಟಕಿಯಿಂದ ಕೆಳಗೆ ಕಾರು ನಿಲ್ಲಿಸುವ ಜಾಗ ಕಾಣುತ್ತದಂತೆ, ಅಲ್ಲಿ ಯಾರದೋ ಟ್ರೇಲರ್ ನಿಂತಿದೆಯಂತೆ, ಒರೆಸಲು ಹೋದರೆ ಮಾಲೀಕ ಬೈದನಂತೆ. ಕೊನೆಯಲ್ಲಿ ಹೀಗಿತ್ತು: 'ಇಲ್ಲಿ ನೆಲ ಮಟ್ಟಸವಾಗಿದೆ ಥರ್ಮನ್. ಹಳೇ ಮರದ ರಸಮಟ್ಟ ಇಟ್ಟು ನೋಡಿದೆ, ಇಲ್ಲಿ ಅದು ಸರಿಯಾಗಿಯೇ ತೋರಿಸುತ್ತದೆ. ಬಿಸಿಲು ತಗ್ಗಿದ ಮೇಲೆ ಮರ ನೆಟ್ಟಗಾಯಿತೇನೋ, ನಿನಗೇ ಗೊತ್ತಿರಬೇಕು. ಅಷ್ಟು ಜನರಲ್ಲಿ ನನ್ನ ಮಾತು ನಂಬಿದವನು ನೀನೊಬ್ಬನೇ. ಅದನ್ನು ನಾನು ಮರೆಯುವುದಿಲ್ಲ.'